ಅಮೆರಿಕನ್ ನಟರ ಕ್ರೆಡಿಟ್ ಪಟ್ಟಿ ಓದುವ ಬಗೆ

(ಸಿನಿಮಾಸಕ್ತರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳಿವೆ.)

ಹ್ಯಾರಿಸನ್ ಫೋರ್ಡ್ ಬಡಗಿಯಾಗಿದ್ದರು, ಜಾರ್ಜ್ ಲ್ಯೂಕಾಸ್ ಕಣ್ಣಿಗೆ ಬಿದ್ದರು, 1977ರಲ್ಲಿ ‘ಸ್ಟಾರ್ ವಾರ್ಸ್’ ಬಂತು, ರಾತ್ರಿ ಬೆಳಗಾಗುವುದರಲ್ಲಿ ಸ್ಟಾರ್ ಆದರು. ಈ ಕತೆಯನ್ನು ನೀವೆಲ್ಲ ಒಂದಲ್ಲ ಒಂದು ಕಡೆ ಓದಿರುತ್ತೀರಿ. ಇದರಲ್ಲಿ ಹಸಿ ಸುಳ್ಳೇನೂ ಇಲ್ಲ. ಆದರೆ ಕತೆ ಹೇಳುವವರು ನಡುವಿನ ಹತ್ತು ಹನ್ನೊಂದು ವರ್ಷಗಳನ್ನು ನುಂಗಿಬಿಡುತ್ತಾರೆ. ಫೋರ್ಡ್ 1960ರ ದಶಕದ ಮಧ್ಯದಲ್ಲೇ ಕೊಲಂಬಿಯಾ ಸ್ಟುಡಿಯೋದಲ್ಲಿ ವಾರಕ್ಕೆ 150 ಡಾಲರ್ ಸಂಬಳದ ಗುತ್ತಿಗೆ ನಟ. 1966ರಲ್ಲಿ ತೆರೆಯ ಮೇಲೆ ಬಂದದ್ದು ಹೋಟೆಲಿನ ಬೆಲ್‌ಬಾಯ್ ಆಗಿ, ಅದೂ ಅರೆ ನಿಮಿಷ. ಆಮೇಲೆ ಟಿವಿಯ ಕೌಬಾಯ್ ಧಾರಾವಾಹಿಗಳಲ್ಲಿ ಒಂದೊಂದು ಕಂತಿನ ಪಾತ್ರಗಳು. 1973ರಲ್ಲಿ ‘ಅಮೆರಿಕನ್ ಗ್ರಾಫಿಟಿ’. ಅದರ ನಿರ್ದೇಶಕ ಇದೇ ಲ್ಯೂಕಾಸ್. ಅಂದರೆ 1977ಕ್ಕೆ ಫೋರ್ಡ್ 34 ವರ್ಷದ, ಲ್ಯೂಕಾಸ್‌ಗೆ ಆಗಲೇ ಪರಿಚಯವಿದ್ದ ನಟ. ಬಡಗಿ ಕೆಲಸ ಅವರನ್ನು ಸ್ಟಾರ್ ಮಾಡಲಿಲ್ಲ. ಹೆಂಡತಿ ಮಕ್ಕಳಿದ್ದ ಮನೆಯನ್ನು ಅದು ನಡೆಸಿತು, ಹಾಗಾಗಿ ಕೈಗೆ ಸಿಕ್ಕ ಸಣ್ಣಪುಟ್ಟ ಪಾತ್ರಗಳನ್ನೆಲ್ಲ ಒಪ್ಪಿಕೊಳ್ಳುವ ದರ್ದು ಇರಲಿಲ್ಲ.

ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಅಮೆರಿಕನ್ ನಟರ ಹಿನ್ನೆಲೆಯನ್ನು ನಾವು ಪವಾಡದ ಮುನ್ನುಡಿ ಎಂಬಂತೆ ಓದುತ್ತೇವೆ. ಬಡಗಿ, ವೈದ್ಯ, ಸೈನಿಕ, ಬಾರ್ ಟೆಂಡರ್ ಎಂದೆಲ್ಲ. ಆದರೆ ಆ ವೃತ್ತಿಗಳು ಇದ್ದದ್ದು ಒಂದು ಪಾತ್ರಕ್ಕೂ ಇನ್ನೊಂದು ಪಾತ್ರಕ್ಕೂ ನಡುವಿನ ಖಾಲಿ ತಿಂಗಳುಗಳನ್ನು ತುಂಬಲಿಕ್ಕೆ. ಆ ಖಾಲಿ ಎಷ್ಟು ದೊಡ್ಡದು, ಅದು ಯಾಕೆ ಹುಟ್ಟುತ್ತದೆ, ಅದನ್ನು ದಾಟಲು ಯಾವ ಯಾವ ಏರ್ಪಾಡುಗಳಿವೆ ಎಂಬುದು ಗೊತ್ತಾದರೆ, ಯಾವುದೇ ನಟರ ಕ್ರೆಡಿಟ್ ಪಟ್ಟಿಯನ್ನು, ಅಂದರೆ ಅವರು ಮಾಡಿದ ಪಾತ್ರಗಳ ಪಟ್ಟಿಯನ್ನು, ನೀವೇ ಓದಿ ಅರ್ಥ ಮಾಡಿಕೊಳ್ಳಬಹುದು.

ಮೊದಲು ಸಂಘದಿಂದ ಶುರು ಮಾಡೋಣ. ಸ್ಕ್ರೀನ್ ಆಕ್ಟರ್ಸ್ ಗಿಲ್ಡ್ ಹುಟ್ಟಿದ್ದು 1933ರಲ್ಲಿ. ರೇಡಿಯೋ ಮತ್ತು ಟಿವಿ ಕಲಾವಿದರ ಸಂಘವಾದ ಆಫ್ಟ್ರಾ ಜೊತೆ 2012ರಲ್ಲಿ ಒಂದಾಗಿ ಸ್ಯಾಗ್-ಆಫ್ಟ್ರಾ ಆಯಿತು. ಈಗ ಸುಮಾರು 1,60,000 ಸದಸ್ಯರಿದ್ದಾರೆ. ದೊಡ್ಡ ಸ್ಟುಡಿಯೋಗಳ ಸಿನಿಮಾ, ನೆಟ್‌ವರ್ಕ್ ಮತ್ತು ಸ್ಟ್ರೀಮಿಂಗ್ ಧಾರಾವಾಹಿ ಎಲ್ಲವೂ ಈ ಸಂಘದ ಒಪ್ಪಂದದಡಿ ನಡೆಯುತ್ತವೆ. ಅಲ್ಲಿ ಕೆಲಸ ಸಿಗಬೇಕಾದರೆ ಸಂಘದ ಕಾರ್ಡ್ ಇದ್ದರೆ ಸುಲಭ. ಕಾರ್ಡ್ ಸಿಗಬೇಕಾದರೆ ಅಲ್ಲಿ ಕೆಲಸ ಮಾಡಿರಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು!

ಈ ಗಂಟನ್ನು ಬಿಚ್ಚಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಹಿನ್ನೆಲೆಯಲ್ಲಿ ಓಡಾಡುವ ಬ್ಯಾಕ್‌ಗ್ರೌಂಡ್ ಕಲಾವಿದರಾಗಿ ಸಂಘದ ದರದಲ್ಲಿ ಮೂರು ದಿನ ದುಡಿದು, ಆ ದುಡಿಮೆಗೆ ಸಿಗುವ ಚೀಟಿ ಅಂದರೆ ವೋಚರ್ ಮೂರು ಕೂಡಿಸುವುದು. ಎರಡು, ಒಂದೇ ಒಂದು ದಿನ ಮಾತಿರುವ ಪಾತ್ರ ಮಾಡುವುದು. ಸದಸ್ಯರಲ್ಲದವರಿಗೆ ಅಂಥ ಪಾತ್ರ ಕೊಟ್ಟರೆ, ಯಾಕೆ ಇವರನ್ನೇ ತೆಗೆದುಕೊಂಡೆವು ಎಂದು ನಿರ್ಮಾಪಕರು ಸಂಘಕ್ಕೆ ವರದಿ ಕೊಡಬೇಕು. 1947ರ ಟ್ಯಾಫ್ಟ್-ಹಾರ್ಟ್ಲಿ ಕಾಯ್ದೆಯ ಹೆಸರಿನಲ್ಲೇ ಆ ವರದಿಯನ್ನು ಕರೆಯುವುದು. ‘ನನಗೆ ಟ್ಯಾಫ್ಟ್-ಹಾರ್ಟ್ಲಿ ಆಯಿತು’ ಅಂದರೆ ಹೊಸ ನಟರ ಪಾಲಿಗೆ ಬಾಗಿಲು ತೆರೆಯಿತು ಅಂತ. ಅಲ್ಲಿಂದ 30 ದಿನ ಸದಸ್ಯತ್ವವಿಲ್ಲದೆ ಸಂಘದ ಕೆಲಸ ಮಾಡಬಹುದು. ಆಮೇಲೆ ಮುಂದಿನ ಕೆಲಸಕ್ಕೆ ಸೇರಲೇಬೇಕು. ಪ್ರವೇಶ ಶುಲ್ಕ 3,000 ಡಾಲರ್, ಕೆಲವು ರಾಜ್ಯಗಳಲ್ಲಿ ಕಡಿಮೆ.

ಹೊಸಬರು ಎಡವುವುದು ಇಲ್ಲೇ. ಅರ್ಹತೆ ಬಂದ ಕೂಡಲೇ ಸಾಲ ಮಾಡಿ ಕಾರ್ಡ್ ತೆಗೆದುಕೊಳ್ಳುತ್ತಾರೆ. ಆದರೆ ಒಮ್ಮೆ ಸೇರಿದ ಮೇಲೆ ಸಂಘದ ಒಪ್ಪಂದವಿಲ್ಲದ ಕೆಲಸ ಮಾಡುವಂತಿಲ್ಲ. ಸಂಘ ಅದನ್ನು ಗ್ಲೋಬಲ್ ರೂಲ್ ಒನ್ ಎನ್ನುತ್ತದೆ. ಲಾಸ್ ಏಂಜಲೀಸ್ ಅಥವಾ ನ್ಯೂಯಾರ್ಕಿನಲ್ಲಿ ಇದರಿಂದ ಹೆಚ್ಚು ತೊಂದರೆಯಿಲ್ಲ. ಸಣ್ಣ ಊರುಗಳಲ್ಲಿ ಸ್ಥಳೀಯ ಜಾಹೀರಾತು, ಕಂಪನಿಗಳ ತರಬೇತಿ ವೀಡಿಯೋ ಇಂಥವೇ ಹೊಟ್ಟೆ ತುಂಬಿಸುವ ಕೆಲಸಗಳು, ಅವುಗಳಲ್ಲಿ ಬಹುಪಾಲು ಸಂಘದ ಹೊರಗಿನವು. ಮೂರು ಸಾಲಿನ ಅನುಭವವಿರುವವನು ಕಾರ್ಡ್ ಪಡೆದು, ಮೂವತ್ತು ವರ್ಷ ಪಳಗಿದ ಸದಸ್ಯರ ಜೊತೆ ಸ್ಪರ್ಧೆಗೆ ನಿಂತು, ಇದ್ದ ಆದಾಯವನ್ನೂ ಕಳೆದುಕೊಳ್ಳುತ್ತಾನೆ. ಅದಕ್ಕೇ ಅನುಭವಿಗಳು ಹೇಳುವುದು, ಸೇರಲೇಬೇಕಾದ ಕೆಲಸ ಬರುವ ತನಕ ಸೇರಬೇಡ ಅಂತ.

ಸೇರುವಾಗ ಇನ್ನೊಂದು ವಿಚಿತ್ರ ಎದುರಾಗುತ್ತದೆ. ಒಂದೇ ವೃತ್ತಿನಾಮದ ಇಬ್ಬರು ಸದಸ್ಯರನ್ನು ಸಂಘ ಇಟ್ಟುಕೊಳ್ಳಲು ಬಯಸುವುದಿಲ್ಲ. ಮೈಕೆಲ್ ಕೀಟನ್ ಅವರ ಹುಟ್ಟು ಹೆಸರು ಮೈಕೆಲ್ ಡಗ್ಲಸ್, ಆ ಹೆಸರಿನ ನಟ ಆಗಲೇ ಇದ್ದರು. ಎಮಿಲಿ ಸ್ಟೋನ್ ಇದೇ ಕಾರಣಕ್ಕೆ ಎಮ್ಮಾ ಸ್ಟೋನ್ ಆದರು. ಮೈಕೆಲ್ ಜೆ. ಫಾಕ್ಸ್ ಅವರ ನಡುವಿನ ಹೆಸರು ಆಂಡ್ರ್ಯೂ. ಆ ‘ಜೆ’ ಅವರು ತಾವೇ ಸೇರಿಸಿಕೊಂಡದ್ದು. ಹಾಗಾಗಿ ಹೆಸರು ಬದಲಾಯಿಸಿದ್ದನ್ನು ಕಂಡ ತಕ್ಷಣ ಅಲ್ಲೇನೋ ಮುಚ್ಚಿಟ್ಟ ಗುಟ್ಟಿದೆ ಎಂದುಕೊಳ್ಳಬೇಡಿ. ಎಷ್ಟೋ ಸಲ ಅದು ಬರೀ ಕಚೇರಿ ನಿಯಮ. ನಿಕೋಲಸ್ ಕೇಜ್ ಅವರದು ಬೇರೆ, ಅವರು ಕೊಪೊಲಾ ಎಂಬ ಮನೆತನದ ಹೆಸರನ್ನು ಬೇಕೆಂದೇ ಬಿಟ್ಟರು.

ಈಗ ದುಡ್ಡಿನ ವಿಷಯ. 2024ರ ಜುಲೈನಿಂದ ಒಂದು ವರ್ಷದ ಅವಧಿಗೆ ಬ್ಯಾಕ್‌ಗ್ರೌಂಡ್ ಕಲಾವಿದರ ಕನಿಷ್ಠ ದಿನಗೂಲಿ 216 ಡಾಲರ್. ಮಾತಿರುವ ಪಾತ್ರದ ದಿನಗೂಲಿ 1,204 ಡಾಲರ್. ಹೋಟೆಲಿನ ದೃಶ್ಯದಲ್ಲಿ ತಟ್ಟೆ ಹಿಡಿದು ಹಿಂದೆ ಹಾದುಹೋಗುವವಳಿಗೆ ನಿರ್ದೇಶಕರು ಸೆಟ್ಟಿನಲ್ಲೇ ‘ಬಿಲ್ ತರಲಾ ಸರ್?’ ಎಂದು ಹೇಳಿಸಿದರೆ ಅವಳ ದಿನಗೂಲಿ ಐದೂವರೆ ಪಟ್ಟಾಗುತ್ತದೆ, ಆ ಕಂತು ಮರುಪ್ರಸಾರವಾದಾಗಲೂ ಅವಳಿಗೆ ಪಾಲು ಬರುತ್ತದೆ. ಆ ಮೂರು ಪದಕ್ಕೆ ಇಷ್ಟು ಬೆಲೆ ಇರುವುದರಿಂದಲೇ ಸೆಟ್ಟಿನಲ್ಲಿ ನಿರ್ಮಾಣ ವಿಭಾಗದವರು ನಿರ್ದೇಶಕರ ಬಾಯಿಯ ಮೇಲೆ ಒಂದು ಕಣ್ಣಿಟ್ಟಿರುತ್ತಾರೆ. ನಮ್ಮ ಧಾರಾವಾಹಿಗಳಲ್ಲಿ ಮನೆಗೆಲಸದವರ ಪಾತ್ರ ಸುಮ್ಮನೆ ಒಂದು ಮಾತು ಆಡಿ ಹೋಗುವುದುಂಟು. ಅಮೆರಿಕದ ಟಿವಿಯಲ್ಲಿ ವೇಟರ್‌ಗಳು ಮೂಕರಂತೆ ತಲೆಯಾಡಿಸಿ ಹೋಗುವುದೇಕೆ ಎಂಬ ಪ್ರಶ್ನೆಗೆ ಇದು ಅರ್ಧ ಉತ್ತರ.

ದಿನ ಅಂದರೆ 8 ಗಂಟೆ, ಮೇಲಿನದ್ದು ಓವರ್‌ಟೈಮ್. ಆರು ಗಂಟೆಯೊಳಗೆ ಊಟ ಕೊಡದಿದ್ದರೆ ದಂಡ. ಒಂದು ದಿನದ ಕೆಲಸ ಮುಗಿದು ಮರುದಿನದ ಕರೆಗೆ ನಡುವೆ 12 ಗಂಟೆ ಬಿಡುವು. ಇನ್ನೊಂದು ನಿಯಮ ಹೊರಗಿನವರಿಗೆ ಗೊತ್ತೇ ಇರುವುದಿಲ್ಲ. ಸೋಮವಾರ ಮತ್ತು ಶುಕ್ರವಾರ ಮಾತ್ರ ಕೆಲಸವಿರುವ ನಟನಿಗೆ ನಡುವಿನ ದಿನಗಳಿಗೂ ಕೂಲಿ ಕೊಡಬೇಕು, ಯಾಕೆಂದರೆ ಆ ದಿನಗಳಲ್ಲಿ ಅವನನ್ನು ಹಿಡಿದಿಟ್ಟುಕೊಂಡಂತಾಯಿತಲ್ಲ. ತಪ್ಪಿಸಿಕೊಳ್ಳಬೇಕೆಂದರೆ ಒಮ್ಮೆ ಬಿಟ್ಟು, ಹತ್ತು ದಿನಗಳ ಅಂತರ ಇಟ್ಟು ಮತ್ತೆ ಕರೆಸಬೇಕು. ಆದ್ದರಿಂದ ವೇಳಾಪಟ್ಟಿ ಮಾಡುವ ಸಹಾಯಕ ನಿರ್ದೇಶಕರು ಸಣ್ಣ ನಟರ ದೃಶ್ಯಗಳನ್ನೆಲ್ಲ ಒತ್ತಟ್ಟಿಗೆ ತಳ್ಳುತ್ತಾರೆ. ಮೂರು ದೃಶ್ಯಗಳಲ್ಲಿ ಕಾಣುವ ನ್ಯಾಯಾಧೀಶೆ ಇಡೀ ಪಾತ್ರವನ್ನು ಒಂದೇ ದಿನದಲ್ಲಿ ಮುಗಿಸಿ ಮನೆಗೆ ಹೋಗಿರುತ್ತಾಳೆ.

ಟಿವಿಯ ಕ್ರೆಡಿಟ್ಟುಗಳಲ್ಲಿ ಮೆಟ್ಟಿಲುಗಳಿವೆ. ಕೆಳಗಿನದು ಕೋ-ಸ್ಟಾರ್, ಒಂದೆರಡು ದೃಶ್ಯ, ಹೆಸರು ಸಾಮಾನ್ಯವಾಗಿ ಕೊನೆಯಲ್ಲಿ. ಅದರ ಮೇಲೆ ಗೆಸ್ಟ್ ಸ್ಟಾರ್, ಆ ಕಂತಿನ ಕತೆಯೇ ಅವರ ಸುತ್ತ. ಮತ್ತೆ ಮತ್ತೆ ಬರುವವರು ರಿಕರಿಂಗ್. ಎಲ್ಲಕ್ಕಿಂತ ಮೇಲೆ ಸೀರೀಸ್ ರೆಗ್ಯುಲರ್. ಮುಖ್ಯ ಟೈಟಲ್ಲಿನ ಕೊನೆಯಲ್ಲಿ ‘ವಿತ್’ ಅಥವಾ ‘ಅಂಡ್’ ಎಂಬ ಪದದೊಂದಿಗೆ ಬರುವ ಹೆಸರು ಕಡೆಯವರದಲ್ಲ. ಆ ಜಾಗಕ್ಕೆ ಏಜೆಂಟರು ವಾರಗಟ್ಟಲೆ ಗುದ್ದಾಡಿರುತ್ತಾರೆ.

ಲೆಕ್ಕಕ್ಕೆ ಒಂದು ಉದಾಹರಣೆ ನೋಡಿ. ಗೆಸ್ಟ್ ಸ್ಟಾರ್ ಪಾತ್ರಕ್ಕೆ 10,000 ಡಾಲರ್ ಬಂತು ಅನ್ನಿ. ಏಜೆಂಟ್‌ಗೆ ಶೇ. 10, ಅಂದರೆ 1,000. ಮ್ಯಾನೇಜರ್ ಇದ್ದರೆ ಶೇ. 10ರಿಂದ 15. ಸಂಘಕ್ಕೆ ವಾರ್ಷಿಕ ಚಂದಾ ಬೇರೆ, ದುಡಿಮೆಯ ಮೇಲೆ ಶೇ. 1.575, ಅಂದರೆ 157 ಡಾಲರ್ 50 ಸೆಂಟ್. ವಕೀಲರಿದ್ದರೆ ಶೇ. 5. ಆದಾಯ ತೆರಿಗೆಗೂ ಮುನ್ನವೇ ಕಾಲು ಭಾಗ ಹೋಯಿತು. ಕನಿಷ್ಠ ದರದ ಕೆಲಸದಲ್ಲಿ ಮಾತ್ರ ನಟರ ಕೂಲಿ ಕಡಿಯುವಂತಿಲ್ಲ, ಏಜೆಂಟಿನ ಹತ್ತು ಶೇಕಡಾವನ್ನು ನಿರ್ಮಾಪಕರೇ ಮೇಲಿಂದ ಸೇರಿಸುತ್ತಾರೆ. ‘ಸ್ಕೇಲ್ ಪ್ಲಸ್ ಟೆನ್’ ಅಂತ ಕೇಳಿದ್ದರೆ ಅದು ಇದೇ.

ತೆರಿಗೆಯಲ್ಲಿ ಒಂದು ಹೊಡೆತ ಬಿದ್ದದ್ದು 2018ರಲ್ಲಿ. ಅಲ್ಲಿಯವರೆಗೆ ಏಜೆಂಟ್ ಕಮಿಷನ್, ಪಾತ್ರ ಕೇಳಲು ಕಳಿಸುವ ಮುಖದ ಫೋಟೋ ಅಂದರೆ ಹೆಡ್‌ಶಾಟ್, ತರಗತಿಗಳ ಶುಲ್ಕ ಇವನ್ನೆಲ್ಲ ಉದ್ಯೋಗದ ಖರ್ಚೆಂದು ಕಳೆಯಲು ಅವಕಾಶವಿತ್ತು. ಹೊಸ ಕಾನೂನು ಅದನ್ನು ತೆಗೆದುಹಾಕಿತು. ಕಲಾವಿದರಿಗೆಂದೇ ಒಂದು ವಿನಾಯಿತಿ ಇದೆಯಾದರೂ ಅದರ ಆದಾಯ ಮಿತಿ 16,000 ಡಾಲರ್. 1986ರಲ್ಲಿ ಇಟ್ಟ ಮಿತಿ, ಇವತ್ತಿಗೂ ಅಲ್ಲೇ ನಿಂತಿದೆ. ಸ್ಟಾರುಗಳಿಗೆ ಇದರ ಬಿಸಿ ತಟ್ಟುವುದಿಲ್ಲ. ಅವರು ತಮ್ಮದೇ ‘ಲೋನ್-ಔಟ್’ ಕಂಪನಿ ಮಾಡಿಕೊಂಡು, ಆ ಕಂಪನಿಯ ಮೂಲಕ ತಮ್ಮನ್ನು ಬಾಡಿಗೆಗೆ ಕೊಡುತ್ತಾರೆ, ಖರ್ಚೆಲ್ಲ ಕಂಪನಿಯದು. ಪೆಟ್ಟು ಬಿದ್ದದ್ದು ವರ್ಷಕ್ಕೆ ನಲವತ್ತು ಐವತ್ತು ಸಾವಿರ ದುಡಿಯುವ ನಡುವಿನವರಿಗೆ.

ಆ ನಡುವಿನವರ ಸಂಖ್ಯೆ ಎಷ್ಟು ಸಣ್ಣದು ಎಂಬುದು 2023ರ ನಟರ ಮುಷ್ಕರದಲ್ಲಿ ಎಲ್ಲರಿಗೂ ಗೊತ್ತಾಯಿತು. ಸಂಘದ ಆರೋಗ್ಯ ವಿಮೆ ಸಿಗಬೇಕಾದರೆ ವರ್ಷಕ್ಕೆ 26,470 ಡಾಲರ್ ದುಡಿದಿರಬೇಕಿತ್ತು. ಶೇ. 86ರಷ್ಟು ಸದಸ್ಯರು ಆ ಗೆರೆ ಮುಟ್ಟುತ್ತಿರಲಿಲ್ಲ. ಅಮೆರಿಕದಲ್ಲಿ ಕೆಲಸದ ಮೂಲಕ ವಿಮೆ ಇಲ್ಲದಿದ್ದರೆ ಒಂದು ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ಉಳಿತಾಯವನ್ನೆಲ್ಲ ನುಂಗಬಲ್ಲದು. ಹೀಗಾಗಿ ನವೆಂಬರ್ ಹೊತ್ತಿಗೆ 24,000 ದುಡಿದಿರುವ ನಟಿಯೊಬ್ಬಳು ಯಾವ ಪಾತ್ರ ಕೊಟ್ಟರೂ ಒಪ್ಪುತ್ತಾಳೆ. ಪಟ್ಟಿಯಲ್ಲಿ ಅವಳ ಘನತೆಗೆ ತಕ್ಕುದಲ್ಲದ ಸಣ್ಣ ಪಾತ್ರವೊಂದು ಕಂಡರೆ, ಒಮ್ಮೊಮ್ಮೆ ಅದರ ಹಿಂದಿರುವುದು ಕಲೆಯಲ್ಲ, ವಿಮೆ.

ಪಾತ್ರ ಸಿಗುವ ಬಗೆ ಹೇಗೆ? ನಟರನ್ನು ಆರಿಸುವ ಕಾಸ್ಟಿಂಗ್ ಡೈರೆಕ್ಟರ್ ಪಾತ್ರಗಳ ವಿವರವನ್ನು ಏಜೆಂಟರಿಗೆ ಕಳಿಸುತ್ತಾರೆ. ಒಂದು ಸಣ್ಣ ಪಾತ್ರಕ್ಕೆ ಸಾವಿರಾರು ಫೋಟೋ ಬಂದು ಬೀಳುತ್ತವೆ. ಅವುಗಳಲ್ಲಿ ಕೆಲವರಿಗೆ ಮಾತ್ರ ಆಡಿಷನ್. 2020ರ ನಂತರ ಬಹುತೇಕ ಆಡಿಷನ್ನುಗಳು ಸೆಲ್ಫ್ ಟೇಪ್, ಅಂದರೆ ನಟರೇ ಮನೆಯಲ್ಲಿ ಚಿತ್ರೀಕರಿಸಿ ಕಳಿಸುವ ವೀಡಿಯೋ. ಇದು ದೂರದ ಊರಿನವರಿಗೆ ವರವಾಯಿತು, ಎಲ್ಲರಿಗೂ ಹೊರೆಯಾಯಿತು. ರಾತ್ರಿ ಹತ್ತಕ್ಕೆ ಹನ್ನೆರಡು ಪುಟ ಬರುತ್ತಿತ್ತು, ಬೆಳಿಗ್ಗೆಯೊಳಗೆ ಬೇಕು ಎನ್ನುತ್ತಿದ್ದರು. 2023ರ ಒಪ್ಪಂದದಲ್ಲಿ ಮೊದಲ ಸುತ್ತಿಗೆ ಗರಿಷ್ಠ 8 ಪುಟ, ಕನಿಷ್ಠ 48 ಗಂಟೆ ಎಂದು ಮಿತಿ ಹಾಕಿದ್ದು ಈ ಕಾಟಕ್ಕೇ. ಟೇಪಿನಲ್ಲಿ ಹಾಳಾಗುವುದು ಹೆಚ್ಚಾಗಿ ಅಭಿನಯವಲ್ಲ. ಎದುರು ಪಾತ್ರದ ಸಾಲು ಓದುವವರು ಫೋನಿನ ಪಕ್ಕದಲ್ಲೇ ಕೂತು ನಟರಿಗಿಂತ ಜೋರಾಗಿ ಓದುತ್ತಾರೆ. ಅಥವಾ ಕಿಟಕಿ ಬೆನ್ನ ಹಿಂದಿದ್ದು ಮುಖ ಕಪ್ಪಾಗಿರುತ್ತದೆ. ಕಾಸ್ಟಿಂಗ್ ಕಚೇರಿಯಲ್ಲಿ ಅಂಥ ಟೇಪು ಹತ್ತು ಸೆಕೆಂಡ್ ಓಡಿದರೆ ಹೆಚ್ಚು.

ಸಣ್ಣ ಪಾತ್ರ ಇಲ್ಲಿಗೇ ತೀರ್ಮಾನವಾಗುತ್ತದೆ. ಸೀರೀಸ್ ರೆಗ್ಯುಲರ್ ಆಗುವುದಾದರೆ ಇನ್ನೂ ಮೆಟ್ಟಿಲುಗಳಿವೆ. ಕಾಲ್‌ಬ್ಯಾಕ್, ನಿರ್ಮಾಪಕರ ಮುಂದೆ ಓದು, ಉಳಿದ ನಟರ ಜೊತೆ ಹೊಂದುತ್ತದೆಯೇ ಎಂಬ ಕೆಮಿಸ್ಟ್ರಿ ರೀಡ್, ಸ್ಟುಡಿಯೋ ಟೆಸ್ಟ್, ಕೊನೆಗೆ ನೆಟ್‌ವರ್ಕ್ ಟೆಸ್ಟ್. ಆ ಕೊನೆಯ ಕೋಣೆಯ ಹೊರಗೆ ಮೂರು ನಾಲ್ಕು ಜನ ಕೂತಿರುತ್ತಾರೆ. ಒಳಗೆ ಹೋಗುವ ಮುನ್ನವೇ ಅವರೆಲ್ಲರೂ ಪೂರ್ತಿ ಕರಾರಿಗೆ ಸಹಿ ಹಾಕಿರಬೇಕು. ಪೈಲಟ್ ಎಂಬ ಪ್ರಾಯೋಗಿಕ ಮೊದಲ ಕಂತಿಗೆ ಎಷ್ಟು, ಪ್ರತಿ ಕಂತಿಗೆ ಎಷ್ಟು, ವರ್ಷಕ್ಕೆ ಎಷ್ಟು ಏರಿಕೆ, ಹೆಸರು ಎಲ್ಲಿ, ಆರು ಅಥವಾ ಏಳು ವರ್ಷದ ಬದ್ಧತೆ, ಎಲ್ಲವೂ. ಬದ್ಧತೆ ನಟರಿಗೆ ಮಾತ್ರ. ಕಂಪನಿ ಪ್ರತಿ ವರ್ಷ ಬೇಕಿದ್ದರೆ ಮುಂದುವರಿಸುತ್ತದೆ, ಬೇಡವಾದರೆ ಬಿಡುತ್ತದೆ. ಮೊದಲೇ ಸಹಿ ಯಾಕೆ? ‘ನೀವೇ ಬೇಕು’ ಎಂದು ಹೇಳಿದ ಮೇಲೆ ನಟರ ಬೆಲೆ ಏರುತ್ತದೆ. ಆ ಅವಕಾಶ ಕೊಡಬಾರದು ಅಂತ. ‘ಫ್ರೆಂಡ್ಸ್’ ಧಾರಾವಾಹಿಯ ಆರು ಜನ ಮೊದಲ ಸೀಸನ್ನಿನಲ್ಲಿ ಕಂತಿಗೆ ಸುಮಾರು 22,500 ಡಾಲರ್ ಪಡೆದರು, ಕೊನೆಯ ಎರಡು ಸೀಸನ್ನುಗಳಲ್ಲಿ ತಲಾ 10 ಲಕ್ಷ ಡಾಲರ್. ಜನಪ್ರಿಯತೆಯೊಂದೇ ಅದನ್ನು ಮಾಡಿಸಲಿಲ್ಲ. ಆರೂ ಜನ ಒಟ್ಟಾಗಿ ಮಾತುಕತೆಗೆ ಕೂತರು, ಒಬ್ಬರನ್ನು ತೆಗೆದು ಐವರನ್ನು ಉಳಿಸಿಕೊಳ್ಳುವ ಆಟ ನಡೆಯಲಿಲ್ಲ.

ಈ ಏಳು ವರ್ಷದ ಮಿತಿಗೆ ಒಂದು ಇತಿಹಾಸವಿದೆ. ಹಳೆಯ ಸ್ಟುಡಿಯೋ ಕಾಲದಲ್ಲಿ ನಟರು ಏಳು ವರ್ಷದ ಗುತ್ತಿಗೆಯಲ್ಲಿರುತ್ತಿದ್ದರು. ಕೊಟ್ಟ ಪಾತ್ರ ಬೇಡವೆಂದರೆ ಸಂಬಳವಿಲ್ಲದೆ ಅಮಾನತು, ಆ ಅಮಾನತಿನ ದಿನಗಳನ್ನು ಗುತ್ತಿಗೆಯ ಕೊನೆಗೆ ಜೋಡಿಸುತ್ತಿದ್ದರು. ಅಂದರೆ ಏಳು ವರ್ಷ ಮುಗಿಯುವುದೇ ಇಲ್ಲ. ಒಲಿವಿಯಾ ಡಿ ಹ್ಯಾವಿಲ್ಯಾಂಡ್ 1943ರಲ್ಲಿ ವಾರ್ನರ್ ಬ್ರದರ್ಸ್ ವಿರುದ್ಧ ನ್ಯಾಯಾಲಯಕ್ಕೆ ಹೋದರು. ಏಳು ವರ್ಷವೆಂದರೆ ಕ್ಯಾಲೆಂಡರಿನ ಏಳು ವರ್ಷ ಎಂದು 1944ರಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ ಹೇಳಿತು. ಇವತ್ತಿನ ಟಿವಿ ಕರಾರುಗಳು ಏಳನ್ನು ದಾಟದಿರುವುದು ಆ ತೀರ್ಪಿನ ಫಲ. ಗೆದ್ದ ನಂತರ ಅವರಿಗೆ ಎರಡು ಆಸ್ಕರ್ ಬಂದವು ಎಂಬುದನ್ನೂ ಸೇರಿಸಬೇಕು.

ಅದೇ ಕಾಲದ ಇನ್ನೊಬ್ಬ ಗುತ್ತಿಗೆ ನಟ ನಮ್ಮ ಕಡೆಯವರು. 1924ರಲ್ಲಿ ಮೈಸೂರು ಸಂಸ್ಥಾನದ ಕಾರಾಪುರದಲ್ಲಿ, ಕಬಿನಿ ದಂಡೆಯ ಕಾಡಿನಂಚಿನಲ್ಲಿ, ಮಾವುತನ ಮಗನಾಗಿ ಹುಟ್ಟಿದ ಸಾಬು. ರಾಬರ್ಟ್ ಫ್ಲಾಹರ್ಟಿ ಸಿನಿಮಾ ಮಾಡಲು ಮೈಸೂರಿಗೆ ಬಂದಾಗ ಆಯ್ಕೆಯಾದ ಹುಡುಗ. 1937ರಲ್ಲಿ ‘ಎಲಿಫೆಂಟ್ ಬಾಯ್’ ತೆರೆಕಂಡಿತು. ಅಲೆಕ್ಸಾಂಡರ್ ಕೋರ್ಡಾ ಕಂಪನಿಯ ಗುತ್ತಿಗೆಯಲ್ಲಿ ಇಂಗ್ಲೆಂಡಿಗೆ ಹೋದರು. ಎರಡನೇ ಮಹಾಯುದ್ಧದಿಂದಾಗಿ ‘ಥೀಫ್ ಆಫ್ ಬಾಗ್ದಾದ್’ ಚಿತ್ರದ ಕೆಲಸ ಹಾಲಿವುಡ್ಡಿಗೆ ಸಾಗಿತು, ಸಾಬು ಕೂಡ. 1942ರಲ್ಲಿ ‘ಜಂಗಲ್ ಬುಕ್’ನ ಮೋಗ್ಲಿಯ ಪಾತ್ರ, ನಂತರ ಯೂನಿವರ್ಸಲ್ ಸ್ಟುಡಿಯೋದಲ್ಲಿ ದೂರದ ನಾಡುಗಳ ಬಣ್ಣಬಣ್ಣದ ಸಾಹಸ ಚಿತ್ರಗಳು. 1944ರಲ್ಲಿ ಅಮೆರಿಕದ ಪೌರತ್ವ ಪಡೆದು, ವಾಯುಪಡೆಯ ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿ ಪೆಸಿಫಿಕ್ ಯುದ್ಧದಲ್ಲಿ ಹೋರಾಡಿ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಪಡೆದರು.

ಅವರ ಪಟ್ಟಿಯನ್ನು ಈಗ ಓದಿ ನೋಡಿ. ಯುದ್ಧದಿಂದ ಮರಳುವ ಹೊತ್ತಿಗೆ ಹುಡುಗ ಬೆಳೆದು ಗಂಡಸಾಗಿದ್ದ. ಅರೆಬಟ್ಟೆಯ ಕಾಡುಹುಡುಗನ ಪಾತ್ರ ಬಿಟ್ಟರೆ ಭಾರತೀಯ ಮುಖಕ್ಕೆ ಆ ಕಾಲದ ಹಾಲಿವುಡ್ಡಿನಲ್ಲಿ ಬೇರೆ ಕಪಾಟೇ ಇರಲಿಲ್ಲ. ನಾಯಕನಾಗುವಂತಿಲ್ಲ, ಪಕ್ಕದ ಮನೆಯವನೂ ಆಗುವಂತಿಲ್ಲ. 1947ರ ‘ಬ್ಲ್ಯಾಕ್ ನಾರ್ಸಿಸಸ್’ ಬಿಟ್ಟರೆ ಯುದ್ಧಾನಂತರದ್ದು ಹೆಚ್ಚಾಗಿ ಸಣ್ಣ ಬಜೆಟ್ಟಿನ ಚಿತ್ರಗಳು. 1963ರ ಡಿಸೆಂಬರಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ 39 ವರ್ಷ. ಪ್ರತಿಭೆ ಸೊರಗಿತು ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅವರಿಗೆಂದು ಬರೆಯುತ್ತಿದ್ದ ಪಾತ್ರದ ವಯಸ್ಸು ಹದಿನೆಂಟಕ್ಕೆ ನಿಂತುಬಿಟ್ಟಿತ್ತು.

ಸಾಬು ಅವರ ಹಳೆಯ ಚಿತ್ರಗಳು ಅಮೆರಿಕದ ಟಿವಿಯಲ್ಲಿ ಎಷ್ಟು ಸಲ ಬಂದರೂ ಅವರಿಗಾಗಲಿ ಕುಟುಂಬಕ್ಕಾಗಲಿ ಸಂಘದ ಒಪ್ಪಂದದಿಂದ ಬರಬೇಕಾದ್ದು ಏನೂ ಇರಲಿಲ್ಲ. ಮರುಪ್ರಸಾರದ ಪಾಲಿಗೆ ರೆಸಿಡ್ಯುಯಲ್ ಎನ್ನುತ್ತಾರೆ. ಚಲನಚಿತ್ರಗಳು ಟಿವಿಗೆ ಹೋದಾಗ ಅದು ಸಿಗಬೇಕೆಂದು ನಟರು 1960ರ ಮಾರ್ಚಿನಲ್ಲಿ ಮುಷ್ಕರ ಹೂಡಿದರು. ಸಂಘದ ಅಧ್ಯಕ್ಷರು ಆಗ ಯಾರು ಗೊತ್ತೇ? ಮುಂದೆ ದೇಶದ ಅಧ್ಯಕ್ಷರಾದ ರೊನಾಲ್ಡ್ ರೇಗನ್. ಏಪ್ರಿಲ್‌ನಲ್ಲಿ ರಾಜಿಯಾಯಿತು. 1960ರಿಂದ ಮುಂದಿನ ಚಿತ್ರಗಳಿಗೆ ಪಾಲು ಉಂಟು, ಹಿಂದಿನವಕ್ಕೆ ಇಲ್ಲ. ಹಿಂದಿನದ್ದನ್ನು ಬಿಟ್ಟುಕೊಟ್ಟದ್ದಕ್ಕೆ ಬದಲಾಗಿ ಪಿಂಚಣಿ ಮತ್ತು ಆರೋಗ್ಯ ನಿಧಿಗೆ 22.5 ಲಕ್ಷ ಡಾಲರ್. ಮುಂದಿನ ಪೀಳಿಗೆಗೆ ವಿಮೆ ಸಿಕ್ಕಿತು, ಹಳೆಯ ತಾರೆಯರು ಸಾಯುವ ತನಕ ರೇಗನ್ ಅವರನ್ನು ಬೈದರು. ಇಬ್ಬರದೂ ಸರಿ ಅಂತಲೇ ನಾನು ಹೇಳುವುದು.

ಖಾಲಿ ತಿಂಗಳುಗಳನ್ನು ದಾಟಿಸುತ್ತಿದ್ದದ್ದು ಈ ರೆಸಿಡ್ಯುಯಲ್. ವರ್ಷಕ್ಕೆ 22 ಕಂತುಗಳ ಧಾರಾವಾಹಿ ಮರುಪ್ರಸಾರವಾಗಿ, ಬೇರೆ ಬೇರೆ ಚಾನೆಲ್ಲುಗಳಿಗೆ ಮಾರಾಟವಾಗಿ, ಪ್ರತಿ ಸಲವೂ ಚೆಕ್ ಬರುತ್ತಿತ್ತು. ವರ್ಷ ಕಳೆದಂತೆ ಮೊತ್ತ ಇಳಿಯುತ್ತದೆ, ಕೆಲವು ಸೆಂಟುಗಳ ಚೆಕ್ಕೂ ಬರುತ್ತದೆ. ಸ್ಟ್ರೀಮಿಂಗ್ ಬಂದ ಮೇಲೆ ಕಂತು ಎಂಟು ಹತ್ತಕ್ಕೆ ಇಳಿಯಿತು, ಎಷ್ಟು ಜನ ನೋಡಿದರೂ ಪಾಲು ನಿಗದಿತ ಮೊತ್ತವೇ. 2023ರ ಜುಲೈ 14ರಿಂದ 118 ದಿನ ಮುಷ್ಕರ ನಡೆದದ್ದರ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಕೃತಕ ಬುದ್ಧಿಮತ್ತೆಯಿಂದ ನಟರ ನಕಲು ತಯಾರಿಸುವ ಪ್ರಶ್ನೆ ಇನ್ನೊಂದು. ಕೊನೆಗೆ ಸಿಕ್ಕಿದ್ದು ಹೀಗೆ: ಮೊದಲ 90 ದಿನಗಳಲ್ಲಿ ದೇಶದೊಳಗಿನ ಚಂದಾದಾರರ ಶೇ. 20ಕ್ಕೆ ಸಮನಾದ ವೀಕ್ಷಣೆ ಸಿಕ್ಕರೆ ಬೋನಸ್, ಅದರಲ್ಲಿ ಮುಕ್ಕಾಲು ಪಾಲು ಆ ಧಾರಾವಾಹಿಯ ನಟರಿಗೆ, ಉಳಿದದ್ದು ಒಂದು ಸಾಮೂಹಿಕ ನಿಧಿಗೆ. ಆ ಎತ್ತರ ಮುಟ್ಟುವ ಧಾರಾವಾಹಿಗಳು ಬೆರಳೆಣಿಕೆಯವು.

ರೆಸಿಡ್ಯುಯಲ್ಲನ್ನು ನಂಬಿದರೆ ಎಂಥ ಅಪಾಯ ಬರಬಹುದು ಎಂಬುದಕ್ಕೆ ಜೆಫ್ರಿ ಓವೆನ್ಸ್ ಉದಾಹರಣೆ. ‘ದ ಕಾಸ್ಬಿ ಶೋ’ನಲ್ಲಿ ಅಳಿಯನ ಪಾತ್ರ ಮಾಡಿದವರು, ಯೇಲ್‌ನಲ್ಲಿ ಓದಿದವರು, ಶೇಕ್ಸ್‌ಪಿಯರ್ ಕಲಿಸುವವರು. 2018ರಲ್ಲಿ ನ್ಯೂಜೆರ್ಸಿಯ ದಿನಸಿ ಅಂಗಡಿಯಲ್ಲಿ ಅವರು ಸಾಮಾನು ಬ್ಯಾಗಿಗೆ ತುಂಬುತ್ತಿದ್ದ ಫೋಟೋವನ್ನು ಪತ್ರಿಕೆಗಳು ಅಯ್ಯೋ ಪಾಪ ಎಂಬ ಧಾಟಿಯಲ್ಲಿ ಹಾಕಿದವು. ಬಿಲ್ ಕಾಸ್ಬಿ ಮೇಲಿನ ಆರೋಪಗಳ ನಂತರ ಮರುಪ್ರಸಾರಗಳನ್ನು ಚಾನೆಲ್ಲುಗಳು ನಿಲ್ಲಿಸಿದ್ದವು, ಯಾರದೋ ತಪ್ಪಿಗೆ ಓವೆನ್ಸ್ ಅವರ ಆದಾಯದ ಒಂದು ಕೊಂಡಿ ಕಳಚಿತ್ತು. ಅಂಗಡಿ ಕೆಲಸ ಹಿಡಿದದ್ದು ಆಡಿಷನ್ನುಗಳಿಗೆ ಹೋಗಿಬರಲು ಬಿಡುವು ಸಿಗುತ್ತದೆಂದು. ಓದುಗರು ಆ ಪತ್ರಿಕೆಗಳ ಮೇಲೆ ತಿರುಗಿಬಿದ್ದರು, ನಟರೆಲ್ಲ ತಮ್ಮ ಹಗಲುಕೆಲಸಗಳ ಪಟ್ಟಿ ಬರೆದು ಹಾಕಿದರು.

ಹಿನ್ನೆಲೆಗಳ ಮಾತಿಗೆ ಮತ್ತೆ ಬರೋಣ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನಿಕರ ಓದಿನ ಖರ್ಚನ್ನು ಸರ್ಕಾರ ಹೊತ್ತುಕೊಂಡಿತು, ಜಿಐ ಬಿಲ್ ಎಂಬ 1944ರ ಕಾನೂನಿನಡಿ. ವಾಲ್ಟರ್ ಮ್ಯಾಥೌ, ಟೋನಿ ಕರ್ಟಿಸ್, ಹ್ಯಾರಿ ಬೆಲಾಫಾಂಟೆ ಆ ದುಡ್ಡಿನಲ್ಲೇ ನ್ಯೂಯಾರ್ಕಿನ ಡ್ರಮ್ಯಾಟಿಕ್ ವರ್ಕ್‌ಶಾಪಿನಲ್ಲಿ ಅಭಿನಯ ಕಲಿತರು. ಬಡವರ ಮಕ್ಕಳು ಒಂದೇ ಬಾರಿಗೆ ಇಷ್ಟು ಸಂಖ್ಯೆಯಲ್ಲಿ ತೆರೆಗೆ ಬಂದದ್ದಕ್ಕೆ ಈ ಕಾನೂನೇ ದೊಡ್ಡ ಕಾರಣ. ಆಡಮ್ ಡ್ರೈವರ್ 2001ರ ದಾಳಿಯ ನಂತರ ಮೆರೀನ್ ಪಡೆ ಸೇರಿದರು, ಸೈಕಲ್ಲಿನಿಂದ ಬಿದ್ದು ಎದೆಮೂಳೆಗೆ ಪೆಟ್ಟಾಗಿ ಹೊರಬಂದರು, ನ್ಯೂಯಾರ್ಕಿನ ಜೂಲಿಯಾರ್ಡ್ ಕಲಾಶಾಲೆ ಸೇರಿ 2009ರಲ್ಲಿ ಪದವಿ ಪಡೆದರು. ಜೆಸ್ಸಿಕಾ ಚಾಸ್ಟೇನ್ ಅದೇ ಶಾಲೆಯಲ್ಲಿ ಓದಿದ್ದು ರಾಬಿನ್ ವಿಲಿಯಮ್ಸ್ ಕೊಟ್ಟ ವಿದ್ಯಾರ್ಥಿವೇತನದಿಂದ. ಯೇಲ್‌ನ ನಾಟಕ ಶಾಲೆ 2021ರಲ್ಲಿ 15 ಕೋಟಿ ಡಾಲರ್ ದಾನ ಬಂದ ಮೇಲೆ ಬೋಧನಾ ಶುಲ್ಕವನ್ನೇ ತೆಗೆದುಹಾಕಿತು. ಹಾಸ್ಯನಟರ ದಾರಿ ಬೇರೆ. ಷಿಕಾಗೋದಲ್ಲಿ 1959ರಲ್ಲಿ ಶುರುವಾದ ಸೆಕೆಂಡ್ ಸಿಟಿ ತಂಡ ಅವರ ಗರಡಿ, ಸ್ಟೀವ್ ಕ್ಯಾರೆಲ್, ಟೀನಾ ಫೇ ಅಲ್ಲಿಂದ ಬಂದವರು. ಕೆನ್ ಜಿಯಾಂಗ್ ಕ್ಯಾಲಿಫೋರ್ನಿಯಾದಲ್ಲಿ ವೈದ್ಯರಾಗಿದ್ದುಕೊಂಡು ರಾತ್ರಿ ಸ್ಟ್ಯಾಂಡ್-ಅಪ್ ಮಾಡುತ್ತಿದ್ದರು. 2007ರಲ್ಲಿ ಅವರಿಗೆ ಸಿಕ್ಕ ದೊಡ್ಡ ಪಾತ್ರ ವೈದ್ಯನದೇ.

ಕಡೆಗೆ ಒಂದು ಪಟ್ಟಿಯನ್ನು ಪೂರ್ತಿ ಓದಿ ತೋರಿಸುತ್ತೇನೆ. ಬ್ರಯಾನ್ ಕ್ರ್ಯಾನ್‌ಸ್ಟನ್. 1956ರಲ್ಲಿ ಹುಟ್ಟಿದ್ದು. ಜಾಹೀರಾತುಗಳು. 1983ರಲ್ಲಿ ಶುರುವಾದ ‘ಲವಿಂಗ್’ ಎಂಬ ಹಗಲು ಧಾರಾವಾಹಿ. ಜಪಾನಿ ಕಾರ್ಟೂನುಗಳ ಡಬ್ಬಿಂಗ್, ‘ಪವರ್ ರೇಂಜರ್ಸ್’ನ ರಾಕ್ಷಸರಿಗೆ ಕಂಠದಾನ. ‘ಸೈನ್‌ಫೆಲ್ಡ್’ನಲ್ಲಿ ದಂತವೈದ್ಯನಾಗಿ ಐದು ಕಂತು. 1998ರಲ್ಲಿ ‘ಎಕ್ಸ್-ಫೈಲ್ಸ್’ನ ಒಂದೇ ಒಂದು ಕಂತು. 2000ದಿಂದ 2006ರವರೆಗೆ ‘ಮಾಲ್ಕಮ್ ಇನ್ ದ ಮಿಡಲ್’ನಲ್ಲಿ ಪೆದ್ದು ಅಪ್ಪ. 2008ರಲ್ಲಿ, 51ನೇ ವಯಸ್ಸಿನಲ್ಲಿ, ‘ಬ್ರೇಕಿಂಗ್ ಬ್ಯಾಡ್’. ಅದಕ್ಕೆ ಮುಖ್ಯ ನಟನಾಗಿ ನಾಲ್ಕು ಎಮ್ಮಿ ಟಿವಿ ಪ್ರಶಸ್ತಿ.

ಇದರಲ್ಲಿ ತಿರುವು ಎಲ್ಲಿದೆ? ಬಹಳ ಜನ ಮಾಲ್ಕಮ್ ಅನ್ನುತ್ತಾರೆ. ಅಲ್ಲ, ಅದು ಅಡ್ಡಿಯಾಗಿತ್ತು. ಆ ಪೆದ್ದು ಅಪ್ಪ ಮಾದಕವಸ್ತು ತಯಾರಿಸುವ ಕೊಲೆಗಾರನಾಗುವುದನ್ನು ಎಎಂಸಿ ಚಾನೆಲ್ಲಿನವರಿಗೆ ಊಹಿಸಲಾಗಲಿಲ್ಲ. ಆಗ ‘ಬ್ರೇಕಿಂಗ್ ಬ್ಯಾಡ್’ನ ಸೃಷ್ಟಿಕರ್ತ ವಿನ್ಸ್ ಗಿಲಿಗನ್ ಆ ಚಾನೆಲ್ಲಿನವರಿಗೆ 1998ರ ಎಕ್ಸ್-ಫೈಲ್ಸ್ ಕಂತನ್ನು ತೋರಿಸಿದರು. ಅದನ್ನು ಬರೆದದ್ದು ಗಿಲಿಗನ್ನರೇ. ಕಾರಿನಲ್ಲಿ ಕೂತ ಜನಾಂಗದ್ವೇಷಿಯೊಬ್ಬ, ನೋಡುಗರಿಗೆ ಅವನ ಮೇಲೆ ಅಸಹ್ಯವೂ ಹುಟ್ಟಬೇಕು, ಮರುಕವೂ ಹುಟ್ಟಬೇಕು. ಅದನ್ನು ಕ್ರ್ಯಾನ್‌ಸ್ಟನ್ ಮಾಡಿ ತೋರಿಸಿದ್ದರು. ಹತ್ತು ವರ್ಷಗಳ ಹಿಂದಿನ ಒಂದು ಗೆಸ್ಟ್ ಪಾತ್ರ ಬೆಳೆ ಕೊಟ್ಟದ್ದು ಹಾಗೆ. ಪಟ್ಟಿ ಓದುವಾಗ ಪಾತ್ರದ ಗಾತ್ರವನ್ನಷ್ಟೇ ನೋಡಬೇಡಿ, ಆ ಕಂತನ್ನು ಬರೆದವರು, ನಿರ್ದೇಶಿಸಿದವರು, ಕಾಸ್ಟಿಂಗ್ ಮಾಡಿದವರು ಯಾರೆಂದು ನೋಡಿ. ಅದೇ ಹೆಸರು ಐದು, ಎಂಟು, ಹತ್ತು ವರ್ಷಗಳ ನಂತರ ಮತ್ತೆ ಸಿಗುತ್ತದೆ. ಜೆ. ಕೆ. ಸಿಮನ್ಸ್, ಮಾರ್ಗೊ ಮಾರ್ಟಿಂಡೇಲ್ ಇಂಥವರ ಪಟ್ಟಿಗಳಲ್ಲಿ ಈ ಹುಡುಕಾಟ ಮಾಡಿ ನೋಡಿ. ಇಬ್ಬರೂ ದೊಡ್ಡ ಪ್ರಶಸ್ತಿ ಪಡೆದದ್ದು ಅರವತ್ತರ ಆಸುಪಾಸಿನಲ್ಲಿ, ಅಲ್ಲಿಯವರೆಗೆ ಕೆಲಸ ತಪ್ಪಲೇ ಇಲ್ಲ.

ಸಭಿಕರ ಪ್ರಶ್ನೆಗಳಿಂದ

ಬಾಲನಟರ ದುಡ್ಡು ಯಾರಿಗೆ ಹೋಗುತ್ತದೆ ಎಂದು ಒಬ್ಬರು ಕೇಳಿದರು. ಜಾಕಿ ಕೂಗನ್ 1921ರಲ್ಲಿ ಚಾಪ್ಲಿನ್ ಜೊತೆ ನಟಿಸಿ ಮನೆಮಾತಾದ ಹುಡುಗ. ದುಡಿದ ಲಕ್ಷಾಂತರ ಡಾಲರನ್ನು ತಾಯಿ ಮತ್ತು ಮಲತಂದೆ ಖರ್ಚು ಮಾಡಿದ್ದರು. 1938ರಲ್ಲಿ ದಾವೆ ಹೂಡಿದಾಗ ಕೈಗೆ ಬಂದದ್ದು ಸುಮಾರು 1,26,000 ಡಾಲರ್. ಮರುವರ್ಷ ಕ್ಯಾಲಿಫೋರ್ನಿಯಾ ಕಾನೂನು ಮಾಡಿತು. ಈಗ ಒಟ್ಟು ಸಂಪಾದನೆಯ ಶೇ. 15ನ್ನು ಮಗುವಿನ ಹೆಸರಿನ ಕೂಗನ್ ಖಾತೆಗೆ ನೇರವಾಗಿ ಹಾಕಬೇಕು. ಉಳಿದ ಶೇ. 85ಕ್ಕೆ ಅಂಥ ಬೀಗವಿಲ್ಲ ಎಂಬುದನ್ನು ಮರೆಯಬೇಡಿ.

ಭಾರತದಿಂದ ಹೋಗಿ ಅಲ್ಲಿ ನಟಿಸಬಹುದೇ ಎಂಬುದು ಇನ್ನೊಂದು ಪ್ರಶ್ನೆ. ಸಂಘದ ಕಾರ್ಡಿಗಿಂತ ಮೊದಲು ಬೇಕಾದದ್ದು ಕೆಲಸ ಮಾಡುವ ವೀಸಾ. ನಟರಿಗೆ ಸಾಮಾನ್ಯವಾಗಿ ಒ-1ಬಿ. ಅದಕ್ಕೆ ಅರ್ಜಿ ಹಾಕಬೇಕಾದವರು ನಟರಲ್ಲ, ಅಮೆರಿಕದ ಉದ್ಯೋಗದಾತರು ಅಥವಾ ಏಜೆಂಟ್. ಸಿನಿಮಾ, ಟಿವಿ ಆದರೆ ಕಾರ್ಮಿಕ ಸಂಘದಿಂದ ಒಂದು, ನಿರ್ಮಾಪಕರ ಕಡೆಯ ಸಂಸ್ಥೆಯಿಂದ ಒಂದು, ಹೀಗೆ ಎರಡು ಅಭಿಪ್ರಾಯ ಪತ್ರಗಳು ಬೇಕು. ಮೊದಲ ಸಲ ಗರಿಷ್ಠ ಮೂರು ವರ್ಷ. ಇದಕ್ಕಿಂತ ಹೆಚ್ಚು ಜನ ಹಿಡಿಯುವ ದಾರಿ ಓದು. ‘ಬಿಗ್ ಬ್ಯಾಂಗ್ ಥಿಯರಿ’ಯ ಕುನಾಲ್ ನಯ್ಯರ್ ದೆಹಲಿಯಲ್ಲಿ ಬೆಳೆದು, ಪೋರ್ಟ್‌ಲ್ಯಾಂಡಿನಲ್ಲಿ ಪದವಿ ಮುಗಿಸಿ, ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಅಭಿನಯದ ಸ್ನಾತಕೋತ್ತರ ಪದವಿ ಪಡೆದು ಬಂದವರು.

ಮಗಳ ಫೋಟೋ ನೋಡಿ ಮೆಚ್ಚಿದೆವು, ನೋಂದಣಿಗೆ ಇಷ್ಟು ಕಟ್ಟಿ ಎಂದು ಹಾಲಿವುಡ್ ಏಜೆನ್ಸಿಯೊಂದರಿಂದ ಇಮೇಲ್ ಬಂದಿದೆ, ಏನು ಮಾಡಲಿ ಎಂದು ಕ್ಯಾಲಿಫೋರ್ನಿಯಾದಲ್ಲಿ ಸಂಬಂಧಿಕರಿರುವವರೊಬ್ಬರು ಕೇಳಿದರು. ಕಟ್ಟಬೇಡಿ. ಏಜೆಂಟ್ ದುಡಿಯುವುದು ನಟರು ದುಡಿದ ಮೇಲೆ, ಹತ್ತು ಶೇಕಡಾ. ಮುಂಗಡ ಶುಲ್ಕ ಕೇಳುವುದು, ಆಡಿಷನ್ನಿಗೆ ದುಡ್ಡು ತೆಗೆದುಕೊಳ್ಳುವುದು ಕ್ಯಾಲಿಫೋರ್ನಿಯಾದ 2009ರ ಕಾನೂನಿನ ಪ್ರಕಾರ ಅಪರಾಧ. ‘ನಮ್ಮದೇ ಫೋಟೋಗ್ರಾಫರ್ ಹತ್ತಿರ ಹೆಡ್‌ಶಾಟ್ ತೆಗೆಸಬೇಕು’ ಎಂಬುದು ಅದೇ ವಂಚನೆಯ ಇನ್ನೊಂದು ಮುಖ. ಏಜೆನ್ಸಿಗೆ ರಾಜ್ಯದ ಕಾರ್ಮಿಕ ಆಯುಕ್ತರ ಪರವಾನಗಿ ಇರಲೇಬೇಕು, ಪರವಾನಗಿ ಇದೆಯೇ ಎಂಬುದನ್ನು ಆಯುಕ್ತರ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಬಹುದು. ಮೊದಲು ಅದನ್ನು ನೋಡಿ, ಆಮೇಲೆ ಉತ್ತರ ಬರೆಯಿರಿ.